ಅಪ್ಪಯ್ಯನ ಕಿವಿ, ನನ್ನ ಪುಸ್ತಕ

ಹತ್ತನೆಯ ತರಗತಿಯ ಹುಡುಗನೊಬ್ಬ ಕಳೆದ ವಾರ ಶಾಲೆ ಬಿಟ್ಟ ಮೇಲೆ ನನ್ನ ಬಳಿ ಬಂದು ನಿಂತ. "ಸರ್, ನಮ್ಮನೆ ಅಟ್ಟದಲ್ಲಿ ಅಜ್ಜನ ವಾಲ್ವ್ ರೇಡಿಯೋ ಇದೆ. ವಾಲ್ವಿನ ದನಿ ಈಗಿನ ಯಾವ ಸೆಟ್ಟಿಗೂ ಬರಲ್ಲ, ವಾಲ್ವ್ ಆಂಪ್ಲಿಫೈಯರ್ ಒಂದು ತಗೊಳ್ಳಿ ಅಂತ ಬೆಂಗಳೂರಿನ ಮಾವ ಹೇಳ್ತಾರೆ. ಅಪ್ಪ ಇದ್ದದ್ದನ್ನೂ ಗುಜರಿಗೆ ಹಾಕ್ತೀನಿ ಅಂತಾರೆ. ಯಾರು ಸರಿ ಸರ್?"

ಪ್ರಶ್ನೆ ಅವನದು, ಚುರುಕ್ ಎಂದದ್ದು ನನಗೆ. ಸಂಸೆಯ ನಮ್ಮ ಮನೆಯ ವಾಲ್ವ್ ರೇಡಿಯೋವನ್ನು ಗುಜರಿಗೆ ಹಾಕಿಸಿದವನು ನಾನೇ.

ಜಗಲಿಯ ಗೋಡೆಗೆ ಬಡಿದ ಹಲಗೆಯ ಮೇಲೆ ಅದು ಕೂತಿರುತ್ತಿತ್ತು. ಸ್ವಿಚ್ ಹಾಕಿದರೆ ಬಿಸಿಯಾಗಲು ಅರ್ಧ ನಿಮಿಷ ಬೇಕು. ಮಳೆಗಾಲದಲ್ಲಿ ವೋಲ್ಟೇಜ್ ಬಿದ್ದರೆ ಭದ್ರಾವತಿ ಆಕಾಶವಾಣಿಯ ದನಿಯೂ ಕುಗ್ಗುತ್ತಿತ್ತು. ಬಿಎಸ್ಸಿ ಮುಗಿಸಿ ಬಂದ ಉತ್ಸಾಹದಲ್ಲಿ ನಾನು ಅಪ್ಪಯ್ಯನಿಗೆ ಚಿಕ್ಕ ಟ್ರಾನ್ಸಿಸ್ಟರ್ ಕೊಡಿಸಿದೆ. ಒಂದು ಸಂಜೆ ಕೇಳಿ ಅವರೆಂದರು: "ದನಿ ತೆಳ್ಳಗಾಯ್ತಲ್ಲೋ." ನಾನು ನಕ್ಕು, ಪುಸ್ತಕದಲ್ಲಿದ್ದುದನ್ನೆಲ್ಲ ಒಪ್ಪಿಸಿದೆ. ಅವರು ಮರುಮಾತಾಡಲಿಲ್ಲ.

ಪುಸ್ತಕದಲ್ಲಿ ಇದ್ದದ್ದು ಇಷ್ಟು. ತೋಟದ ಸ್ಪ್ರಿಂಕ್ಲರ್ ಪೈಪಿನ ಗೇಟ್‌ವಾಲ್ವ್ ತಿರುಗಿಸಲು ಒಂದು ಕೈ ಸಾಕು; ಚಿಮ್ಮುವ ನೀರಿನ ಬಲ ಮಾತ್ರ ಪಂಪಿನದು. ಆಂಪ್ಲಿಫೈಯರೂ ಹಾಗೆಯೇ. ಸಣ್ಣ ಸಂಕೇತವೊಂದು, ವಿದ್ಯುತ್ ಮೂಲದಿಂದ ಬರುವ ದೊಡ್ಡ ಪ್ರವಾಹವನ್ನು ತನ್ನ ಏರಿಳಿತಕ್ಕೆ ತಕ್ಕಂತೆ ಕುಣಿಸುತ್ತದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಈ ಕೆಲಸವನ್ನು ಗಾಜಿನ ಬುರುಡೆಯೊಳಗೆ ಮಾಡಿಸಿದ. ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳನ್ನು ನಡುವಿನ ಗ್ರಿಡ್ ತಡೆಯುತ್ತದೆ, ಬಿಡುತ್ತದೆ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದೇ ಕೆಲಸವನ್ನು ಜರ್ಮೇನಿಯಂನ ಚೂರೊಂದು ಬಿಸಿಯಿಲ್ಲದೆ ಮಾಡಿ ತೋರಿಸಿತು.

ನಮ್ಮ ಬೆಂಗಳೂರಿಗೆ ಇವೆರಡೂ ಬೆನ್ನುಬೆನ್ನಿಗೇ ಬಂದವು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಗೆದ್ದದ್ದು ಎರಡನೆಯದು. ಕಾರಣ ಸರಳ. ಇಎಲ್ 84 ಎಂಬ ಹೆಸರುವಾಸಿ ವಾಲ್ವಿನ ಹೀಟರೊಂದಕ್ಕೇ 6.3 ವೋಲ್ಟಿನಲ್ಲಿ 0.76 ಆಂಪಿಯರ್ ಬೇಕು. ಗುಣಿಸಿ ನೋಡಿ, ಹತ್ತಿರಹತ್ತಿರ 4.8 ವ್ಯಾಟ್. ಹಾಡು ಶುರುವಾಗುವ ಮೊದಲೇ ಇಷ್ಟು ಖರ್ಚು!

ಹಾಗಾದರೆ ವಾಲ್ವಿನ ದನಿ ಇಂಪು ಎನ್ನುವುದು ಬರೀ ಭ್ರಮೆಯೇ? ಹಾಗೆನ್ನಲಾಗದು. ಯಾವ ಆಂಪ್ಲಿಫೈಯರೂ ತನ್ನದೊಂದಿಷ್ಟನ್ನು ಸೇರಿಸುತ್ತದೆ. 240 ಹರ್ಟ್ಸ್‌ನ ಷಡ್ಜ ಕೊಟ್ಟರೆ, ಹಲವು ವಾಲ್ವ್ ಆಂಪ್ಲಿಫೈಯರುಗಳು ಜೊತೆಗೆ ಕೊಂಚ 480ನ್ನೂ ಬೆರೆಸುತ್ತವೆ. ಅದು ತಾರಸ್ಥಾಯಿಯ ಷಡ್ಜ. ಶ್ರುತಿಗೆ ಹೊಂದುವುದರಿಂದ ಕಿವಿಗೆ ದನಿ ತುಂಬಿಕೊಂಡಂತೆ ಅನ್ನಿಸುತ್ತದೆ. ಮೂರು ಪಟ್ಟು 720, ಅದೂ ಪಂಚಮವೇ. ಆದರೆ ಏಳು ಪಟ್ಟಾದ 1680 ಯಾವ ಸ್ವರಸ್ಥಾನಕ್ಕೂ ಸರಿಯಾಗಿ ಕೂರದು. ಮಿತಿಮೀರಿ ದುಡಿಸಿದಾಗ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಅಲೆಯ ತಲೆಯನ್ನು ಕತ್ತಿಯಿಂದ ಸವರಿದಂತೆ ಕತ್ತರಿಸುತ್ತದೆ. ಆಗ ಇಂಥ ಕರ್ಕಶ ಸ್ವರಗಳು ಹುಟ್ಟುತ್ತವೆ. ಹೆಚ್ಚಿನ ವಾಲ್ವುಗಳು ಮೆಲ್ಲಗೆ ಬಾಗುತ್ತವೆ. ಆದರೆ ಮನೆಯಲ್ಲಿ ಹದವಾಗಿ ಹಾಡು ಕೇಳಲು ಸಾಮಾನ್ಯವಾಗಿ ಒಂದೆರಡು ವ್ಯಾಟ್ ಸಾಕು. ಆ ಮಿತಿಯೊಳಗೆ ಇಂದಿನ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸೇರಿಸುವ ದೋಷ ಕಿವಿಗೆ ತಿಳಿಯದಷ್ಟು ಕಡಿಮೆ.

ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಮನೆಯಲ್ಲಿ ಇದನ್ನು ಪರೀಕ್ಷಿಸಿದೆವು. ಒಂದೇ ಸ್ಪೀಕರ್, ಎರಡು ಆಂಪ್ಲಿಫೈಯರ್, ನಡುವೆ ಒಂದು ಪರದೆ. ಮೊದಲ ಸುತ್ತಿನಲ್ಲಿ ಎಲ್ಲರೂ ಮೆಚ್ಚಿದ್ದು ವಾಲ್ವನ್ನೇ. ಮಲ್ಟಿಮೀಟರ್ ಹಿಡಿದು ಅಳೆದರೆ ಅದು ತುಸು ಜೋರಾಗಿತ್ತು! ಜೋರಾಗಿದ್ದದ್ದು ಚೆನ್ನಾಗಿದೆ ಎನ್ನುವುದು ಕಿವಿಯ ಸ್ವಭಾವ. ಎರಡನ್ನೂ ಸಮ ಮಾಡಿ, ನಾಣ್ಯ ಚಿಮ್ಮಿ ಯಾವುದೆಂದು ನಿರ್ಧರಿಸುತ್ತ ಇಪ್ಪತ್ತು ಸಲ ಕೇಳಿದೆವು. ನಾನು ಸರಿ ಹೇಳಿದ್ದು ಹನ್ನೊಂದು ಸಲ. ಸುಮ್ಮನೆ ಊಹಿಸಿದ್ದರೂ ಹತ್ತರ ಆಸುಪಾಸು ಬರುತ್ತಿತ್ತು. ಆಮೇಲೆ ಆಂಪ್ಲಿಫೈಯರ್ ಹಾಗೇ ಇಟ್ಟು ಸ್ಪೀಕರ್ ಬದಲಿಸಿದೆವು. ಮರದ ಪೆಟ್ಟಿಗೆಯ ಎಂಟಿಂಚಿನದು ಒಂದು, ಪ್ಲಾಸ್ಟಿಕ್ಕಿನ ಮೂರಿಂಚಿನದು ಇನ್ನೊಂದು. ಇಪ್ಪತ್ತಕ್ಕೆ ಇಪ್ಪತ್ತೂ ಎಲ್ಲರಿಗೂ ಗೊತ್ತಾಯಿತು.

ಆ ರಾತ್ರಿ ಅಪ್ಪಯ್ಯನ ಮಾತು ನೆನಪಾಯಿತು. ದನಿ ನಿಜವಾಗಿಯೂ ತೆಳ್ಳಗಾಗಿತ್ತು. ಹೋದದ್ದು ವಾಲ್ವಿನ ಮಾಯೆಯಲ್ಲ, ಅಗಲದ ಸ್ಪೀಕರ್ ಮತ್ತು ಮರದ ಪೆಟ್ಟಿಗೆ. ಪುಸ್ತಕ ತಪ್ಪಾಗಿರಲಿಲ್ಲ, ಅವರ ಕಿವಿಯೂ ತಪ್ಪಾಗಿರಲಿಲ್ಲ. ಎರಡನ್ನೂ ಕೂಡಿಸಿ ನೋಡದ ತಪ್ಪು ನನ್ನದು. ಇದನ್ನು ಹೇಳೋಣವೆಂದರೆ ಆಗ ಅವರಿರಲಿಲ್ಲ.

ಹುಡುಗನಿಗೆ ನಾನು ಹೇಳಿದ್ದನ್ನು ಹೆತ್ತವರೂ ಕೇಳಿಸಿಕೊಳ್ಳಲಿ. ಹಾಡು ಕೇಳಲು ಹಣ ಹಾಕುವುದಿದ್ದರೆ ಮೊದಲು ಒಳ್ಳೆಯ ಸ್ಪೀಕರಿಗೆ ಹಾಕಿ. ವಾಲ್ವಿನ ಕೆಂಪು ಬೆಳಕು, ಅದರದೇ ದನಿ ಇಷ್ಟವಾದರೆ ಕೊಳ್ಳಿ, ತಪ್ಪಿಲ್ಲ. ಮನಸ್ಸಿಗೆ ಹಿಡಿಸಿದ್ದಕ್ಕೆ ಪುರಾವೆ ಬೇಕಿಲ್ಲ. ಆದರೆ ಇದೇ ಶ್ರೇಷ್ಠ ಎಂದು ಸಾಧಿಸಲು ಹೊರಟರೆ ಪರದೆಯ ಪರೀಕ್ಷೆಗೆ ಸಿದ್ಧರಿರಬೇಕು.

ಮಕ್ಕಳೇ, ಹಳೆಯ ಸೆಟ್ಟನ್ನು ನೀವಾಗಿ ಬಿಚ್ಚಬೇಡಿ, ಪ್ಲಗ್ಗಿಗೂ ಸಿಕ್ಕಿಸಬೇಡಿ. ಒಳಗೆ 250 ವೋಲ್ಟಿಗೂ ಮೀರಿದ ಒತ್ತಡ ಇರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ಕೆಲವು ಸೆಟ್ಟುಗಳ ಲೋಹದ ಚಾಸಿಗೇ ಕರೆಂಟು ಬರುವಂಥ ಜೋಡಣೆ ಇರುತ್ತದೆ. ಬಲ್ಲ ರಿಪೇರಿಯವರ ಕೈಗೆ ಕೊಡಿ.

"ಗುಜರಿಗೆ ಹಾಕೋ ಮೊದಲು ಅಜ್ಜನ್ನ ಒಂದು ಮಾತು ಕೇಳಿದೀರೇನೋ?" ಎಂದೆ. ಹುಡುಗ ತಲೆ ಕೆರೆದುಕೊಂಡ. ಯಾರೂ ಕೇಳಿರಲಿಲ್ಲವಂತೆ. ಆ ಪ್ರಯೋಗವನ್ನು ಮೊದಲು ಮಾಡು ಎಂದು ಕಳಿಸಿದೆ.