ದನದ ಡಾಕ್ಟರಾ ಅಂತ ಮೂಗು ಮುರೀಬೇಡಿ

ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಕುರಿ-ದನವಿಲ್ಲದ ಊರಿಲ್ಲ. ಆದರೂ ಮಗಳು ಸಿಇಟಿಯಲ್ಲಿ ಪಶುವೈದ್ಯಕೀಯ ಆರಿಸಿಕೊಂಡರೆ 'ದನದ ಡಾಕ್ಟರಿಗೆ ಗಂಡು ಸಿಗ್ತಾನಾ?' ಅಂತ ಅಡ್ಡ ಬರೋದು ಅಮ್ಮಂದಿರೇ. ತವರಿನ ಎಮ್ಮೆ ಈಯಲಾರದೆ ಒದ್ದಾಡಿದರೆ ಮಾತ್ರ ಅದೇ ಡಾಕ್ಟರು ಬೇಕು!

ಐದೂವರೆ ವರ್ಷದ ಬಿ.ವಿ.ಎಸ್ಸಿ. ಮುಗಿಸಿ ಪೆಥಾಲಜಿಯಲ್ಲಿ ಎಂ.ವಿ.ಎಸ್ಸಿ. ಮಾಡಿದವಳು ಕೊಟ್ಟಿಗೆಗೇ ಹೋಗಬೇಕೆಂದಿಲ್ಲ, ಸಂಶೋಧನಾ ಪ್ರಯೋಗಾಲಯಕ್ಕೂ ಹೋಗಬಹುದು. ಹೊಸ ಔಷಧಿಯನ್ನು ಮೊದಲು ಪರೀಕ್ಷಿಸೋದು ಇಲಿಯಂಥ ಪ್ರಾಣಿಗಳ ಮೇಲೆ. ಇಲಿ ಸತ್ತರೆ ಅದರ ಲಿವರಿನ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಾವು ಔಷಧಿಯಿಂದಲೋ ಬೇರೆ ರೋಗದಿಂದಲೋ ಎಂದು ಹೇಳುವವಳು ಅವಳು. ಅನುಭವವಾದಂತೆ ಇಡೀ ವಿಭಾಗದ ಮುಖ್ಯಸ್ಥೆಯೂ ಆಗಬಹುದು. ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಂತೂ ಪಶುವೈದ್ಯರು ಇರಲೇಬೇಕು. 'ಇಷ್ಟು ನೋವು ಬೇಡ' ಅನ್ನೋ ಮಾತು ಅಲ್ಲಿ ಹೆಣ್ಣುಮಗಳ ಬಾಯಿಂದಲೂ ಬರಲಿ ಅನ್ನೋದು ನನ್ನಾಸೆ.

ಆಪ್ಷನ್ ಎಂಟ್ರಿಗೆ ಮುಂಚೆ ಮಗಳನ್ನೊಮ್ಮೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರ್ಕೊಂಡು ಹೋಗಿ ಬನ್ನಿ.