ಚಿತ್ರಪುಸ್ತಕ ಬಂತು, ಬರವಣಿಗೆ ಇನ್ನೂ ನಕಲಿನಲ್ಲೇ

ಹಾವೇರಿ: ಜಿಲ್ಲೆಯ ಸರಕಾರಿ ಶಾಲೆಗಳ ಪುಟ್ಟ ಮಕ್ಕಳಿಗೆ ಚಿತ್ರ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಗೊಂಡ ನಲಿ-ಕಲಿ 2009-10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದಾಗಲೇ ಚಿತ್ರದ ಕಾರ್ಡುಗಳು ತರಗತಿಗೆ ಬಂದವು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಇವೆಲ್ಲ ಓದಿಸಲು ಬಳಕೆಯಾದಷ್ಟು ಬರೆಸಲು ಆಗುತ್ತಿಲ್ಲ.

2005ರಲ್ಲಿ ಆರಂಭವಾದ ಅಸರ್ ಸಮೀಕ್ಷೆ ಮುಖ್ಯವಾಗಿ ಅಳೆಯುವುದು ಓದು ಮತ್ತು ಲೆಕ್ಕವನ್ನು. ಅಳತೆಯ ಹೊರಗುಳಿದ ಬರವಣಿಗೆ ಕಾಪಿ ಬರೆಯುವುದಕ್ಕೆ ಇಳಿದರೆ ಆಶ್ಚರ್ಯವೇನು? ಅಕ್ಷರ ದುಂಡಗಾಗುತ್ತದೆ, ಸ್ವಂತ ವಾಕ್ಯ ಮಾತ್ರ ಹುಟ್ಟುವುದಿಲ್ಲ.

ಅಕ್ಷರವಿಲ್ಲದ ಸಂತೆಯ ಚಿತ್ರವೊಂದನ್ನು ಬ್ಯಾಡಗಿಯ ಮಗುವಿನ ಮುಂದಿಟ್ಟು ನೋಡಿ. ಕೆಂಪು ಮೆಣಸಿನಕಾಯಿಯ ರಾಶಿ, ಚೀಲ, ತಕ್ಕಡಿ, ಹಮಾಲರು ಎಲ್ಲವೂ ಮಾತಿಗೆ ಬರುತ್ತವೆ. ಜಿಂಕೆಯ ಚಿತ್ರ ಕಂಡ ರಾಣೆಬೆನ್ನೂರಿನ ಮಗು ತನ್ನೂರಿನ ಅಭಯಾರಣ್ಯದ ಕೃಷ್ಣಮೃಗವನ್ನು ನೆನೆಯುತ್ತದೆ. ಆ ಮಾತನ್ನು ಶಿಕ್ಷಕರು ಹಲಗೆಯ ಮೇಲೆ ಹೇಳಿದಂತೆಯೇ ಬರೆದು, ಮುಂದಿನ ಪುಟದಲ್ಲಿ ಏನಾಗುವುದೆಂದು ಮಗುವಿನಿಂದಲೇ ಬರೆಸಬೇಕು. 'ಹೊಂಟಾನ' ಎಂದು ಬರೆದದ್ದಕ್ಕೆ ಮೊದಲ ದಿನವೇ ಕೆಂಪು ಗೆರೆ ಬಿದ್ದರೆ ಎರಡನೆಯ ವಾಕ್ಯ ಬರುವುದಿಲ್ಲ. ಗ್ರಾಂಥಿಕ ರೂಪಕ್ಕೆ ಅವಸರವೇನಿಲ್ಲ.

ಬೇರೆ ಬೇರೆ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ ಇದಕ್ಕೆ ಸಮಯವೆಲ್ಲಿ ಎಂದು ಶಿಕ್ಷಕರು ಕೇಳಿದರೆ ತಪ್ಪಿಲ್ಲ. ಒಂದೇ ಚಿತ್ರಕ್ಕೆ ಚಿಕ್ಕವರು ಪದ, ದೊಡ್ಡವರು ಕತೆ ಬರೆಯಬಹುದು. ಅದನ್ನು ನಡೆಸುವ ಬಗೆಯನ್ನು ಕ್ಲಸ್ಟರ್ ಮಟ್ಟದ ತರಬೇತಿಗಳಲ್ಲಿ ತೋರಿಸಿಕೊಡುವುದು ಇಲಾಖೆಯ ಕೆಲಸ.