ಕೂತ ದೇಹಕ್ಕೆ ಎಷ್ಟು ಅನ್ನ?

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ, ಆಮೇಲೆ ಕೊನೆ ಕೊಯ್ಯುವಾಗ, ಅಡಿಕೆ ಮರದಿಂದ ಜಾರಿ ಬೀಳುವುದು ಮಲೆನಾಡಿಗೆ ಹೊಸ ಸುದ್ದಿಯಲ್ಲ. ರಸ್ತೆಯಲ್ಲಿ ಬೈಕಿನಿಂದ ಬೀಳುವವರೂ ಇದ್ದಾರೆ. ಹಾಗೆ ಬಿದ್ದವರಲ್ಲಿ ಕೆಲವರ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪುತ್ತದೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಮನುಷ್ಯ ಸೊರಗಿ ಕಡ್ಡಿಯಾಗಿರುತ್ತಾನೆ. ಮೈ ಹಿಡಿಯಲಿ ಎಂದು ತಾಯಿ ಒಂದು ಸೌಟು ಅನ್ನ ಹೆಚ್ಚಿಗೇ ಬಡಿಸುತ್ತಾಳೆ. ಒಂದೆರಡು ವರ್ಷದಲ್ಲಿ ಮೈ ಹಿಡಿಯುತ್ತದೆ, ಆದರೆ ಹೊಟ್ಟೆಯ ಸುತ್ತ. ನೋಡಲು ಬಂದ ನೆಂಟರು ‘ಈಗ ಚೆನ್ನಾಗಿದ್ದಾನೆ’ ಎನ್ನುತ್ತಾರೆ. ನಿಜವಾದ ತೊಂದರೆ ಶುರುವಾಗುವುದೇ ಆಗ.

ಒಂದು ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಬೆನ್ನುಹುರಿ ಜಖಂಗೊಂಡವರನ್ನು ಒತ್ತಡದ ಹುಣ್ಣು, ಮೂತ್ರದ ಸೋಂಕು ಬಹುಬೇಗ ಬಲಿ ತೆಗೆದುಕೊಳ್ಳುತ್ತಿದ್ದವು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ರೋಗಿಗಳಿಗಾಗಿಯೇ ವಿಭಾಗ ತೆರೆದ ಮೇಲೆ ಚಿತ್ರ ಬದಲಾಯಿತು. ನಮ್ಮಲ್ಲಿ 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ವೆಲ್ಲೂರಿನ ಪುನರ್ವಸತಿ ಕೇಂದ್ರ 1966ರಲ್ಲಿ ಆರಂಭವಾದದ್ದು ಅವರ ಶ್ರಮದಿಂದ. ಇಂದು ಪೆಟ್ಟಿನ ನಂತರವೂ ದಶಕಗಟ್ಟಲೆ ಬದುಕಬಹುದು. ಆ ಬದುಕನ್ನು ಮೆಲ್ಲಗೆ ಕಿತ್ತುಕೊಳ್ಳುವ ಹೊಸ ಶತ್ರು, ತೂಕ.

ಸ್ನಾಯು ಕರಗಿತು, ಕೊಬ್ಬು ಬಂತು

ವಯಸ್ಕರ ಬೆನ್ನುಹುರಿಯ ಉದ್ದ ಸುಮಾರು 45 ಸೆಂಟಿಮೀಟರ್. ಮಿದುಳಿನ ಆಜ್ಞೆ ಸ್ನಾಯುಗಳಿಗೆ ಇಳಿಯುವುದು ಅದರ ಮೂಲಕವೇ. ದಾರಿ ಕಡಿದ ಜಾಗದ ಕೆಳಗೆ ಆಜ್ಞೆ ತಲುಪುವುದಿಲ್ಲ, ಕೆಲಸವಿಲ್ಲದ ಸ್ನಾಯು ತಿಂಗಳುಗಳಲ್ಲೇ ಕರಗುತ್ತದೆ. ಮೊದಲು ತೂಕ ಇಳಿಯಲು ಇದೂ ಒಂದು ಕಾರಣ. ಆದರೆ ಸ್ನಾಯು ಬರೀ ಭಾರ ಎತ್ತುವ ಯಂತ್ರವಲ್ಲ, ಸುಮ್ಮನಿದ್ದಾಗಲೂ ಇಂಧನ ಸುಡುವ ಒಲೆ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲೇ ದಿನಕ್ಕೆ ಸುಮಾರು 13 ಕ್ಯಾಲೊರಿ ಸುಟ್ಟರೆ, ಒಂದು ಕಿಲೋ ಕೊಬ್ಬು ಸುಡುವುದು ನಾಲ್ಕೂವರೆ ಮಾತ್ರ. ದೊಡ್ಡ ಒಲೆ ಹೋಗಿ ಸಣ್ಣ ಒಲೆ ಬಂದಂತಾಯಿತು.

ಲೆಕ್ಕ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ, 65 ಕಿಲೋ ತೂಕದ ಗಂಡಸು ಕಠಿಣ ದುಡಿಮೆ ಮಾಡುವವನಾದರೆ ದಿನಕ್ಕೆ 3470 ಕ್ಯಾಲೊರಿ ಬೇಕು. ಅಡಿಕೆ ಮರ ಹತ್ತಿ ಇಳಿಯುವವನನ್ನು ಈ ಗುಂಪಿಗೆ ಸೇರಿಸಬಹುದು. ಕಾಲುಗಳ ಸ್ವಾಧೀನವಷ್ಟೇ ತಪ್ಪಿದವರಿಗೆ ಆಹಾರ ತಜ್ಞರು ಹಾಕುವ ಅಂದಾಜು ತೂಕದ ಪ್ರತಿ ಕಿಲೋಗೆ ಸುಮಾರು 28 ಕ್ಯಾಲೊರಿ. ಕೈಕಾಲು ಎರಡೂ ಸೋತವರಿಗೆ ಸುಮಾರು 23. ಅಂದರೆ ಅದೇ 65 ಕಿಲೋ ಮನುಷ್ಯನಿಗೆ ಈಗ 1820, ಇಲ್ಲವೇ 1500ರಷ್ಟು ಸಾಕು. ಅಗತ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ, ಹಸಿವು ಮತ್ತು ಬಡಿಸುವ ಕೈ ಮಾತ್ರ ಹಳೆಯ ಅಳತೆಯಲ್ಲೇ ಇವೆ.

ತೂಕ ಏರಿದರೆ ಏನು ಹೋಗುತ್ತದೆ?

ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ದಾಟುವಾಗ ಇಡೀ ದೇಹವನ್ನು ಎತ್ತುವುದು ಎರಡು ತೋಳುಗಳು. ಹೆಗಲಿನ ಕೀಲು ಎಲ್ಲ ದಿಕ್ಕಿಗೂ ತಿರುಗಲು ರಚನೆಯಾದದ್ದೇ ಹೊರತು ಸೊಂಟದ ಕೀಲಿನಂತೆ ಭಾರ ಹೊರಲು ಅಲ್ಲ. ಹತ್ತು ಕಿಲೋ ಹೆಚ್ಚಾದರೆ ಪ್ರತಿ ಸಲವೂ ಆ ಹೆಗಲಿಗೆ ಅಷ್ಟು ಹೆಚ್ಚಿನ ಹೊರೆ. ಹೆಗಲು ಸೋತ ದಿನ, ಒಬ್ಬನೇ ಬಚ್ಚಲಿಗೆ ಹೋಗುತ್ತಿದ್ದವನಿಗೆ ಇಬ್ಬರ ಸಹಾಯ ಬೇಕಾಗುತ್ತದೆ. ಎತ್ತಬೇಕಾದವರು ಅರವತ್ತರ ತಾಯಿಯೋ, ಆಗಲೇ ಸೊಂಟನೋವಿರುವ ಹೆಂಡತಿಯೋ ಆಗಿರುತ್ತಾರೆ. ಅಳತೆಗೆ ತಂದ ಕುರ್ಚಿ ಬಿಗಿಯಾಗಿ ತೊಡೆಯ ಪಕ್ಕ ಉಜ್ಜುತ್ತದೆ. ಸ್ಪರ್ಶವಿಲ್ಲದ ಚರ್ಮಕ್ಕೆ ಹುಣ್ಣಾದರೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಭಯ ಬೇರೆ.

ಮಂಡಿಯ ತಕ್ಕಡಿ

ನಿಲ್ಲಲಾಗದವನ ತೂಕ ನೋಡುವುದು ಹೇಗೆ? ಅನೇಕ ಮನೆಗಳಲ್ಲಿ ವರ್ಷಗಟ್ಟಲೆ ತೂಕ ನೋಡದಿರಲು ಇದೇ ಕಾರಣ. ಅಡಿಕೆ ಮಂಡಿಯಲ್ಲಿ, ಅಕ್ಕಿ ಗಿರಣಿಯಲ್ಲಿ ಮೂಟೆ ತೂಗಲು ನೆಲಮಟ್ಟದ ತಕ್ಕಡಿ ಇರುತ್ತದೆ. ಹಲಗೆಯ ಇಳಿಜಾರು ಇಟ್ಟು, ಇಬ್ಬರು ಹಿಡಿದು, ನಾಲ್ಕು ಗಾಲಿಯೂ ತಕ್ಕಡಿಯ ಮೇಲೆ ಬರುವಂತೆ ಕುರ್ಚಿ ಏರಿಸಿ ಬ್ರೇಕ್ ಹಾಕಿ. ಬಂದ ತೂಕದಿಂದ ಖಾಲಿ ಕುರ್ಚಿಯ ತೂಕ ಕಳೆದರೆ ಉತ್ತರ ಸಿಕ್ಕಿತು. ಕುರ್ಚಿಯನ್ನು ದಿಂಬಿನ ಸಮೇತ ಒಮ್ಮೆ ತೂಗಿ ಬರೆದಿಟ್ಟರೆ ಸಾಕು.

ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುವ ಬಿಎಂಐ ಕೋಷ್ಟಕವನ್ನು ಇಲ್ಲಿ ಹಾಗೆಯೇ ನಂಬುವಂತಿಲ್ಲ. ಸ್ನಾಯುವಿನ ಜಾಗವನ್ನು ಕೊಬ್ಬು ತುಂಬಿದ್ದರೂ ತೂಕ ‘ಸರಿಯಾಗಿದೆ’ ಎಂದೇ ಅದು ಹೇಳಬಹುದು. ಆದ್ದರಿಂದ ಬೆನ್ನುಹುರಿ ಪೆಟ್ಟಾದವರಿಗೆ 22 ದಾಟಿದರೇ ಎಚ್ಚರ ವಹಿಸಬೇಕೆಂದು ಸಂಶೋಧಕರು ಸೂಚಿಸಿದ್ದಾರೆ. ಮಲಗಿದ್ದಾಗ ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ನೋಡುವುದು ಇನ್ನೂ ಸುಲಭ. 94 ಸೆಂಟಿಮೀಟರ್ ಮುಟ್ಟಿದರೆ ವೈದ್ಯರಲ್ಲಿ ಮಾತಾಡಿ.

ತಟ್ಟೆಯಲ್ಲಿ ಏನು ಬದಲಾಗಬೇಕು?

ಉಪವಾಸ ಬೇಡವೇ ಬೇಡ. ಸಸಾರಜನಕದ ಅಂಶ ಕಡಿಮೆಯಾದರೆ ಉಳಿದ ಸ್ನಾಯುವೂ ಕರಗುತ್ತದೆ, ಹುಣ್ಣು ಮಾಯುವುದಿಲ್ಲ. ಹುಣ್ಣಿದ್ದಾಗ ಆಹಾರ ಕಡಿತವನ್ನು ವೈದ್ಯರನ್ನು ಕೇಳದೆ ಮಾಡಬಾರದು. ಕಡಿಮೆಯಾಗಬೇಕಾದ್ದು ಅನ್ನ, ರೊಟ್ಟಿ, ಎಣ್ಣೆ, ಸಕ್ಕರೆ. ಉಳಿಯಬೇಕಾದ್ದು ಬೇಳೆ, ಹುರುಳಿ, ಮೊಟ್ಟೆ, ಮೀನು, ಮಜ್ಜಿಗೆ. ಹೆಚ್ಚಬೇಕಾದ್ದು ಸೊಪ್ಪು, ತರಕಾರಿ, ಕೋಸಂಬರಿ. ನಾರಿನ ಪದಾರ್ಥವನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಿ ಮಲವಿಸರ್ಜನೆಯ ಕ್ರಮ ತಪ್ಪುತ್ತದೆ. ವಾರಕ್ಕಿಷ್ಟು ಎಂದು ನಿಧಾನವಾಗಿ ಹೆಚ್ಚಿಸಬೇಕು. ಮೂತ್ರಕ್ಕೆ ಕೊಳವೆ ಬಳಸುವವರು ನೀರಿನ ಪ್ರಮಾಣವನ್ನೂ ವೈದ್ಯರು ಹೇಳಿದಂತೆಯೇ ಇಟ್ಟುಕೊಳ್ಳಬೇಕು.

ಬೇಸರ ಕಳೆಯಲು ಕುಡಿಯುವ ಕಾಫಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 50 ಗ್ರಾಂ, 200 ಕ್ಯಾಲೊರಿ. ಮರ ಹತ್ತುತ್ತಿದ್ದಾಗ ಅದು ದಿನದ ಅಗತ್ಯದ ಹದಿನೇಳರಲ್ಲಿ ಒಂದು ಪಾಲಾಗಿತ್ತು. ಈಗ ಒಂಬತ್ತರಲ್ಲಿ ಒಂದು ಪಾಲು.

ತೋಳಿಗೆ ಕೆಲಸ

ತೋಳಿನ ಸ್ನಾಯು ಕಾಲಿನದಕ್ಕಿಂತ ಚಿಕ್ಕದು, ಸುಡುವುದೂ ಕಡಿಮೆ. ಆದ್ದರಿಂದ ವ್ಯಾಯಾಮ ಮಾಡಿ ಊಟದ ಲೆಕ್ಕ ಸರಿಹೊಂದಿಸುತ್ತೇನೆ ಎಂಬ ಆಸೆ ಫಲಿಸದು. ಆದರೆ ಹೃದಯಕ್ಕೆ, ಹೆಗಲಿಗೆ, ಮನಸ್ಸಿಗೆ ಅದು ಬೇಕೇ ಬೇಕು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಕನಿಷ್ಠ ಎರಡು ಸಲ, 20 ನಿಮಿಷ ಏದುಸಿರು ಬರುವಂಥ ಶ್ರಮ, ಜೊತೆಗೆ ಎರಡು ಸಲ ಸ್ನಾಯು ಬಲಪಡಿಸುವ ವ್ಯಾಯಾಮ. ಹೃದಯದ ಆರೋಗ್ಯಕ್ಕೆ ವಾರಕ್ಕೆ ಮೂರು ಸಲ, 30 ನಿಮಿಷ. ಅಡಿಕೆ ಒಣಗಿಸಲು ಮಟ್ಟ ಮಾಡಿದ ಅಂಗಳ ಕುರ್ಚಿ ಓಡಿಸಲು ಒಳ್ಳೆಯ ಜಾಗ. ಹಳೆಯ ಸೈಕಲ್ ಟ್ಯೂಬನ್ನು ಕಿಟಕಿಯ ಸರಳಿಗೆ ಕಟ್ಟಿ ಹಿಂದಕ್ಕೆ ಎಳೆದರೆ, ಕುರ್ಚಿ ತಳ್ಳುವಾಗ ಕೆಲಸವಿಲ್ಲದ ಬೆನ್ನಿನ ಮೇಲ್ಭಾಗದ ಸ್ನಾಯುಗಳಿಗೆ ಬಲ ಬರುತ್ತದೆ.

ಕತ್ತಿನಲ್ಲಿ ಅಥವಾ ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರು ವೈದ್ಯರ ಸಲಹೆ ಪಡೆದೇ ಶುರುಮಾಡಬೇಕು. ಅವರ ನಾಡಿ ಶ್ರಮಕ್ಕೆ ತಕ್ಕಂತೆ ಏರುವುದಿಲ್ಲ, ಪೆಟ್ಟಿನ ಕೆಳಗೆ ಬೆವರೂ ಸರಿಯಾಗಿ ಬರುವುದಿಲ್ಲ. ಬಿಸಿಲಿನಲ್ಲಿ ಮೈ ಕಾದು ಹೋಗುತ್ತದೆ. ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಕೆಂಪಾದರೆ ರಕ್ತದೊತ್ತಡ ವಿಪರೀತ ಏರಿರಬಹುದು. ಕೂಡಲೇ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಮೂತ್ರದ ಕೊಳವೆ ಮಡಚಿದೆಯೇ ನೋಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಗೆ ಮನೆಯವರಿಗೊಂದು ಮಾತು. ಆತನಿಗೆ ಬೇರೆ ಅಡುಗೆ ಮಾಡಿ ಬೇರೆ ಕೂರಿಸಬೇಡಿ. ಎಲ್ಲರಿಗೂ ಮಾಡಿದ್ದನ್ನೇ ಬಡಿಸಿ, ಅಳತೆ ಅವನೇ ಹೇಳಲಿ. ಅನ್ನ ಮೊದಲು ಬೇಡ. ಪಲ್ಯ, ಕೋಸಂಬರಿ ಮೊದಲು ಬರಲಿ. ತಿಂಗಳಿಗೊಮ್ಮೆ ತೂಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ. ಎರಡು ಕಿಲೋ ಏರಿದಾಗಲೇ ಗೊತ್ತಾದರೆ ಇಳಿಸಬಹುದು. ಇಪ್ಪತ್ತು ಕಿಲೋ ಏರಿದ ಮೇಲೆ ಇಳಿಸುವುದು ಕಾಲು ನಡೆಯುವವರಿಗೇ ಕಷ್ಟ.